ಕರೆದರೆ ತಾಟು ಬಾರಿಸು

ಆಸ್ಪರಿಯ ನಾಟಕದ ತಾಲೀಮಿಗೆ ಚಹಾ ಮಾಡಾಕ ಹೋಗಿದ್ದೆ. ಹಿಂದಿನ ಸಲದ ಆಟದಾಗ ರಾಜನ ಪಾರ್ಟಿನವ ರಾಣಿಯನ್ನ ಹೆಸರು ಹಿಡಿದು ಕರೆಯೋದೇ ಮರೆತಿದ್ದ. ಬಳ್ಳಾರಿಯಿಂದ ಕರೆಸಿದ್ದ ನಟಿ ಬಣ್ಣ ಹಚ್ಚಿಕೊಂಡು ಪರದೆ ಹಿಂದೆಯೇ ಉಳಿದಳು. ಮತ್ತೆ ಹಂಗಾದರೆ ಬರೋದಿಲ್ಲ ಅಂದಿದ್ದಳು.

ಅದಕ್ಕೆ ನಾಟಕದ ಮಾಸ್ತರ, ರಾಜನಿಗೆ ಕರೆಯೋದು ರೂಢಿ ಆಗಲಿ ಅಂತ, ತಾಲೀಮಿನಾಗ ಆಕಿ ಬದಲಿಗೆ ನನ್ನನ್ನ ಪರದೆ ಹಿಂದೆ ಕೂಡ್ರಿಸಿದ. "ಅವ್ವಾ, ರಾಜ ‘ಚಂದ್ರಾವತಿ’ ಅಂತ ಕರೆದರೆ ತಾಟು ಬಾರಿಸು, ಅಷ್ಟ ಸಾಕು."

ರಾಜ ಕರೆದ. "ಸುಶೀಲಾ!" ಅಂತ ಕರೆದ.

ಮೂಲೆಯಲ್ಲಿ ಉಡುಪು ಹೊಲಿಯುತ್ತಿದ್ದ ಸುಶೀಲ "ಬಂದೆ, ತಡಿ" ಅಂದಳು, ದಿನಾ ಅನ್ನೋಳಂಗ. ನನ್ನ ಪಕ್ಕದಲ್ಲಿ ಚಹಾ ಸೋಸುತ್ತಿದ್ದ ರಾಜನ ಪಾರ್ಟಿನವನ ಹೆಂಡತಿಯ ಕೈ ನಿಂತಿತು.

"ಯಾಕವ್ವಾ, ತಾಟು ಬಾರಿಸಲಿಲ್ಲ?" ಅಂದ ಮಾಸ್ತರ.

"ಕರೆದದ್ದು ನಮ್ಮ ಚಂದ್ರಾವತಿಯನ್ನಲ್ಲಪಾ."

ಪಕ್ಕದಲ್ಲಿದ್ದ ಅವನ ಹೆಂಡತಿಯ ಮುಖ ನೋಡಿ ಅವತ್ತು ಬಾಯಿ ಮುಚ್ಚಿಕೊಂಡೆ. ಮರುದಿನ ಮಾತ್ರ ದೂರದ ಊರು ಮದ್ದಿಕೇರದ ತನಕ ಕೇಳುವಂಗ ಬಾರಿಸಿದೆ; ತಾಟು ಬೇಕಾಗಲಿಲ್ಲ.