ಸೂತಕದ ಮನೆಯ ಬೇಸ್‌ಬಾಲ್

ಆಗಿನ್ನೂ ನಮ್ಮ ಮನೆಯಲ್ಲಿ ಒಬ್ಬೊಬ್ಬರೂ ಕಿವಿಗೆ ಗುಂಡಿ ಸಿಕ್ಕಿಸಿಕೊಂಡು ತಮಗೆ ಬೇಕಾದ್ದನ್ನು ತಾವೇ ಕೇಳುವ ಅಭ್ಯಾಸ ಬಂದಿರಲಿಲ್ಲ. ಒಂದು ಫೋನು ಕೂಗಿದರೆ ಮನೆಯವರೆಲ್ಲ ಕೇಳಬೇಕಿತ್ತು. ಬಹಳ ಹಿಂದಿನ ಮಾತೇನಲ್ಲ, ಏಳೆಂಟು ವರ್ಷವಾಗಿರಬಹುದು.

ನಾನು ಹೇಳಹೊರಟದ್ದು ನನ್ನ ಬಾಲ್ಯವಲ್ಲ. ನನ್ನದರಲ್ಲಿ ಹೇಳುವಂಥದ್ದು ಏನೂ ಇಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿ ದನದ ಹಿಂದೆ ಕಳಿಸಿದರು, ಅಷ್ಟೆ. ಇದು ನನ್ನ ಮೊಮ್ಮಗಳು ಇಂಚರಳ ಬಾಲ್ಯದ್ದು. ಮಕ್ಕಳು ತಮ್ಮ ಬಾಲ್ಯವನ್ನು ಬೇಗ ಮರೆಯುತ್ತಾರೆ. ಅವರನ್ನು ನೋಡಿಕೊಂಡವರಿಗೆ ನೆನಪಿರುತ್ತದೆ. ಇಲ್ಲಿ ಅಮೇರಿಕಕ್ಕೆ ಬಂದು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿರುವ ನಿಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತು.

ಇಂಚರಳಿಗೆ ಆಗ ಒಂಬತ್ತು. ಅವಳು ಹುಟ್ಟಿ ಬೆಳೆದದ್ದು ಡೆಟ್ರಾಯ್ಟ್ ಹತ್ತಿರ. ನನ್ನ ಮಗ ಮಂಜು ಅಲ್ಲಿ ಕಾರಿನ ಕಂಪನಿಯಲ್ಲಿದ್ದವನು, ನ್ಯೂಯಾರ್ಕಿನಲ್ಲಿ ಕೆಲಸ ಸಿಕ್ಕಿತೆಂದು ಅದರ ಹತ್ತಿರದ ಹ್ಯಾರಿಸನ್‌ಗೆ ಮನೆ ಬದಲಾಯಿಸಿದ. ಮನೆಯೆದುರೇ ರೈಲು. ಅಲ್ಲಿ ಅಂಗಳವಿತ್ತು, ಇಲ್ಲಿ ಐದನೇ ಮಹಡಿ. ಹುಡುಗಿ ಅಳಲಿಲ್ಲ. ಅವಳು ಮಾಡಿದ್ದು ಒಂದೇ: ಡೆಟ್ರಾಯ್ಟಿನ ಬೇಸ್‌ಬಾಲ್ ತಂಡವನ್ನು ಬಿಡಲಿಲ್ಲ.

ಇಲ್ಲಿನ ಟಿವಿಯಲ್ಲಿ ಇಲ್ಲಿಯವರ ಆಟ ಬರುತ್ತದೆ, ಅಲ್ಲಿಯವರದ್ದು ಬರುವುದಿಲ್ಲ. ಅದಕ್ಕೆ ಅವಳಪ್ಪ ತನ್ನ ಹಳೆಯ ಫೋನಿನಲ್ಲಿ ಆ ಊರಿನ ರೇಡಿಯೋ ಬರುವ ಹಾಗೆ ಮಾಡಿಕೊಟ್ಟ. ಬೇಸಿಗೆಯಲ್ಲಿ ಹೆಚ್ಚೂಕಡಿಮೆ ದಿನಾ ಸಂಜೆ ಆಟ. ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸ್ಟೀಲು ಪಾತ್ರೆಯೊಳಗೆ ಇಡುತ್ತಿದ್ದಳು, ಶಬ್ದ ಜಾಸ್ತಿಯಾಗಲಿ ಅಂತ. ನಾನು ಬಸ್ಸಾರಿಗೆ ಸೊಪ್ಪು ಬಸಿಯುತ್ತಲೋ ಮುದ್ದೆ ತೊಳಸುತ್ತಲೋ ಕೇಳಿಸಿಕೊಳ್ಳುತ್ತಿದ್ದೆ. ಅದರಲ್ಲಿ ಒಬ್ಬ ಮುದುಕ ಆಟ ಹೇಳುತ್ತಿದ್ದ. ಅವನ ಮಾತು ನನಗೆ ಅರ್ಥವಾಗುತ್ತಿರಲಿಲ್ಲ. ಅವನು ಅವಸರದವನಲ್ಲ; ಆಟದ ಮಧ್ಯೆ ಏನೇನೋ ಊರ ಸುದ್ದಿ ಹೇಳಿಕೊಂಡು ನಗುತ್ತಾನೆಂದು ಇಂಚರ ಹೇಳುತ್ತಿದ್ದಳು.

ಆ ತಂಡ ಸೋಲುವ ತಂಡ. ಗೆದ್ದರೆ ಇಂಚರ ತಟ್ಟೆ ಹಾಕುವ ಮೊದಲೇ ಬಂದು ಕೂರುತ್ತಿದ್ದಳು. ಸೋತರೆ ಊಟ ಬೇಡ. ಅವಳಿಗಾಗಿ ಮುದ್ದೆ ಆರಿ ಕಲ್ಲಾಗುತ್ತಿತ್ತು.

"ಅವರು ಸೋತ್ರೆ ನಿನ್ ಹೊಟ್ಟೆ ಏನ್ ಮಾಡ್ತು?" ಎಂದು ಕೇಳುತ್ತಿದ್ದೆ.

"ಯು ಡೋಂಟ್ ಗೆಟ್ ಇಟ್, ಅಜ್ಜಿ."

ಆ ತಂಡದಲ್ಲಿ ಅವಳಿಗೆ ಬೇಕಾದವನು ಒಬ್ಬನಿದ್ದ. ಎರಡನೇ ಬೇಸಿನ ಹತ್ತಿರ ನಿಲ್ಲುವವನು, ಕುಳ್ಳ. ಅವಳು ಚಿಕ್ಕವಳಿದ್ದಾಗ ಅಲ್ಲಿ ಬೇಲಿಯ ಹತ್ತಿರ ಬಂದು ಅವಳ ಟೋಪಿಯ ಮೇಲೆ ಕೈಯಿಟ್ಟಿದ್ದನಂತೆ. ನಾನು ಅವನನ್ನು ಗಿಡ್ಡ ಎನ್ನುತ್ತಿದ್ದೆ. "ಇವತ್ತು ನಿಮ್ ಗಿಡ್ಡ ಏನ್ ಮಾಡ್ದ?" ಅಂದರೆ ಸಿಟ್ಟಾಗಿ, ಅವನು ಮಾಡಿದ್ದನ್ನೆಲ್ಲ ಎದ್ದು ನಿಂತು ತೋರಿಸುತ್ತಿದ್ದಳು. ಲಟ್ಟಣಿಗೆ ಅವಳ ಬ್ಯಾಟು, ಅಪ್ಪನ ಕಾಲುಚೀಲ ಸುತ್ತಿದ ಉಂಡೆ ಚೆಂಡು. ನಾನು ಸೋಫಾದಲ್ಲಿ ಕೂತು ಎಸೆಯಬೇಕು. ಒಂದು ಸಲ ಉಂಡೆ ಹೋಗಿ ಸಾರಿನ ಪಾತ್ರೆಗೆ ಬಿತ್ತು. ತೆಗೆದು, ಸಾರು ಕುದಿಸಿ, ಎಲ್ಲರಿಗೂ ಬಡಿಸಿದೆ. ಯಾರಿಗೂ ಏನೂ ಆಗಲಿಲ್ಲ.

ಆ ತಂಡ ಆ ಬೇಸಿಗೆಯಲ್ಲಿ ಒಂದೇ ಒಂದು ಸಲ ನ್ಯೂಯಾರ್ಕಿಗೆ ಬರುವುದಿತ್ತು. ಮಂಜು ಶನಿವಾರ ಮಧ್ಯಾಹ್ನದ ಆಟಕ್ಕೆ ಮೊದಲೇ ಟಿಕೆಟ್ ತೆಗೆದಿಟ್ಟಿದ್ದ. ಅಂದಿನಿಂದ ಅವಳದು ಅದೇ ಮಾತು. ಗಿಡ್ಡನಿಗೆ ತನ್ನ ಗುರುತು ಸಿಗುತ್ತದೋ ಇಲ್ಲವೋ ಎಂದು ನನ್ನನ್ನು ಕೇಳುತ್ತಿದ್ದಳು. "ಸಿಗಲ್ಲ" ಎನ್ನುತ್ತಿದ್ದೆ. ಸುಳ್ಳು ಯಾಕೆ ಹೇಳಬೇಕು.

ಆ ವಾರ, ಸೋಮವಾರ ಬೆಳಿಗ್ಗೆ ಊರಿಂದ ಫೋನು ಬಂತು. ನನ್ನ ಮೈದುನ ಕೆಂಪಣ್ಣ ತೀರಿಕೊಂಡಿದ್ದ. ಮದ್ದೂರಿನ ಕಡೆ ನಮ್ಮ ಹಳ್ಳಿಯಲ್ಲಿ, ಮಲಗಿದ್ದವನು ಏಳಲಿಲ್ಲ. ಒಳ್ಳೆಯ ಸಾವು. ನಾನು ಹೋಗಿ ಮಾಡುವುದೇನಿತ್ತು, ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಮಂಜುವಿಗೆ ಮಾತ್ರ ಹೋಗಬೇಕಿತ್ತು. ಅವನ ಚಿಕ್ಕಪ್ಪ ಅವನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೈಸ್ಕೂಲಿಗೆ ಬಿಡುತ್ತಿದ್ದವನು. ಆದರೆ ಹೋದರೆ, ವಾಪಸ್ಸು ಬರಲು ವೀಸಾ ಸ್ಟ್ಯಾಂಪಿಂಗ್ ಅಂತ ಅಲ್ಲೇ ಎಷ್ಟು ತಿಂಗಳು ಸಿಕ್ಕಿಹಾಕಿಕೊಳ್ಳಬೇಕೋ ಎಂದು ಹೋಗಲಿಲ್ಲ.

ಹೋಗಲಾಗದವನು ಸೂತಕ ಹಿಡಿದ. ನಾವು ಊರಿನಲ್ಲಿ ಹಿಡಿಯುವುದಕ್ಕಿಂತ ಬಿಗಿಯಾಗಿ ಹಿಡಿದ. ಗಡ್ಡ ಬಿಟ್ಟ. ದೇವರ ಗೂಡಿನ ಬಾಗಿಲು ಮುಚ್ಚಿದ. ತಿಥಿ ಆಗುವವರೆಗೆ ಒಗ್ಗರಣೆ ಇಲ್ಲ, ಮಾಂಸ ಇಲ್ಲ, ಯಾರ ಮನೆಗೂ ಹೋಗುವಂತಿಲ್ಲ. ಬರೀ ಉಪ್ಪು ನೀರಿನಂಥ ಸಾರು. ಕೆಳಗೆ ರಸ್ತೆಯಲ್ಲಿ ಪೆರು ದೇಶದವರ ಹೋಟೆಲಿತ್ತು, ಅವರು ಇದ್ದಿಲಿನ ಮೇಲೆ ಕೋಳಿ ಸುಡುವ ಘಮ ಕಿಟಕಿಯಿಂದ ನೇರ ನಮ್ಮ ತಟ್ಟೆಗೇ ಬರುತ್ತಿತ್ತು. ಸೊಸೆ ರೂಪ ಎದ್ದು ಕಿಟಕಿ ಮುಚ್ಚುತ್ತಿದ್ದಳು. ಸೆಕೆಗೆ ನಾನು ಮತ್ತೆ ತೆಗೆಯುತ್ತಿದ್ದೆ.

ಬುಧವಾರ ಊಟದ ಹೊತ್ತಿನಲ್ಲಿ ಮಂಜು ಹೇಳಿದ, "ಇಂಚರ, ಸ್ಯಾಟರ್ಡೇ ಗೇಮ್ ಕ್ಯಾನ್ಸಲ್. ಚಿಕ್ಕ ತಾತ ಹೋಗ್ಬಿಟ್ರಲ್ಲ, ಈಗ ನಾವು ಅಂಥ ಕಡೆಗೆಲ್ಲ ಹೋಗ್ಬಾರ್ದು."

ಹುಡುಗಿ ಚಮಚ ಕೆಳಗಿಟ್ಟಳು. "ಆದ್ರೆ ನೀನು ಆಫೀಸ್‌ಗೆ ಹೋಗ್ತಿದೀಯ."

"ಅದು ಕೆಲಸ, ಪುಟ್ಟಿ."

"ಟ್ರೈನಲ್ಲಿ ಹೋಗ್ತೀಯ. ಗೇಮ್‌ಗೂ ಅದೇ ಟ್ರೈನು."

"ಟ್ರೈನಿನ ಪ್ರಶ್ನೆ ಅಲ್ಲ. ನಮ್ಮೋರು ಒಬ್ರು ಹೋಗಿದಾರೆ, ನಾವು ನಮ್ ಖುಷೀನ ಸ್ವಲ್ಪ ದಿನ ಬಿಡ್ಬೇಕು."

"ಐ ನೆವರ್ ಈವನ್ ಮೆಟ್ ಹಿಮ್."

"ಮೀಟ್ ಮಾಡ್ಬೇಕಾಗಿಲ್ಲ. ದೂರ ಇದ್ರೂ ನಮ್ಮೋರು ನಮ್ಮೋರೇ."

ಅದಕ್ಕೆ ಅವಳು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ನನ್ ಟೀಮೂ ಹಾಗೇ" ಅಂದಳು. ಕನ್ನಡದಲ್ಲೇ ಅಂದಳು. ಆಮೇಲೆ ರೂಮಿಗೆ ಹೋಗಿ ಮಲಗಿದಳು. ಅಂದು ರಾತ್ರಿ ರೇಡಿಯೋ ಹಾಕಲಿಲ್ಲ. ಮಾರನೇ ದಿನವೂ ಹಾಕಲಿಲ್ಲ, ಊಟವನ್ನೂ ಸರಿಯಾಗಿ ಮಾಡಲಿಲ್ಲ.

ನಾನು ಮಂಜುವಿಗೆ ಹೇಳಿದೆ, "ಸೂತಕ ಹಿಡಿದಿರೋದು ನೀನು. ಉಪವಾಸ ಮಾಡ್ತಿರೋದು ಅದು."

"ಅವ್ವ, ನೀನೇ ಹಿಂಗಂದ್ರೆ ಹೆಂಗೆ? ನಾಳೆ ಯಾರಾದ್ರೂ ಫೋಟೋ ಹಾಕ್ತಾರೆ, ಊರಲ್ಲಿ ಎಲ್ರೂ ನೋಡ್ತಾರೆ. ಸತ್ತು ವಾರ ತುಂಬೋಕೆ ಮುಂಚೆ ಅಮೇರಿಕದಲ್ಲಿ ಆಟ ನೋಡ್ಕೊಂಡು ಕೂತವ್ರೆ ಅಂತಾರೆ. ಚಿಕ್ಕಮ್ಮ ಏನಂದ್ಕೋತಾಳೆ?"

ಚಿಕ್ಕಮ್ಮ ಏನಂದುಕೊಳ್ಳುತ್ತಾಳೆ ಎಂದು ಅವಳನ್ನೇ ಕೇಳಿದರಾಯಿತು. ನನಗೆ ತೋಚಿದ್ದು ಅಷ್ಟು. ಶುಕ್ರವಾರ ಸಂಜೆ, ಅಲ್ಲಿ ಬೆಳಗಾಗುವ ಹೊತ್ತಿಗೆ, ಮಂಜು ಸೋಫಾದಲ್ಲಿ ಕೂತಿದ್ದಾಗಲೇ ಕೆಂಪಣ್ಣನ ಹೆಂಡತಿ ಪುಟ್ಟತಾಯಿಗೆ ಫೋನು ಮಾಡಿದೆ. ಅವಳು ನನ್ನ ಓರಗಿತ್ತಿ, ಒಂದೇ ಒಲೆಯಲ್ಲಿ ಹನ್ನೆರಡು ವರ್ಷ ಅಡುಗೆ ಮಾಡಿದವರು ನಾವು. ಜಗಳವಾಡಿಯೇ ಬೇರೆಯಾದವರು. ಫೋನಿನಲ್ಲಿ ಮುಖ ಕಂಡಿತು. ಕುಂಕುಮವಿಲ್ಲದೆ ಹಣೆ ಅಗಲವಾಗಿತ್ತು.

"ಪುಟ್ಟತಾಯಿ, ಕೂಸು ಒಂದು ಆಟ ನೋಡಾಕೆ ಹೋಗ್ಬೇಕಂತದೆ ನಾಳೆ. ಮೊದ್ಲೇ ಚೀಟಿ ತಗೊಂಡವ್ರೆ. ಇವ್ನು ಸೂತಕ ಅಂತಾನೆ. ನೀನೇನಂತೀಯ?"

ಮಂಜು ಧಡಕ್ಕನೆ ಎದ್ದು, "ಅವ್ವ, ಏನ್ ಮಾಡ್ತಿದೀಯ, ಮಾನ ತೆಗಿತೀಯಲ್ಲ" ಎಂದು ಫೋನಿಗೆ ಕೈ ಹಾಕಿದ. ನಾನು ಕೊಡಲಿಲ್ಲ.

ಪುಟ್ಟತಾಯಿ "ಯಾವ ಆಟ ಅಕ್ಕ? ಕಬಡ್ಡಿಯಾ?" ಎಂದು ಕೇಳಿದಳು.

"ಚೆಂಡಿನ ಆಟ. ದೊಣ್ಣೇಲಿ ಹೊಡದು ಓಡೋದು."

"ಅಲ್ಲಕ್ಕ, ಇವ್ರು ಏನ್ ಮಾಡಿದ್ರು ಗೊತ್ತಾ? ಭಾವ ಸತ್ತಾಗ, ಐದ್ನೇ ದಿನಾನೋ ಆರ್ನೇ ದಿನಾನೋ, ಗೊಬ್ಬರ ತರ್ತೀನಿ ಅಂತ ಹೋಗಿ ಕಬಡ್ಡಿ ನೋಡ್ಕೊಂಡು ಬಂದ್ರು. ಟವಲ್ ಮುಖಕ್ಕೆ ಸುತ್ಕೊಂಡು ನಿಂತಿದ್ರಂತೆ. ನಾನೇ ಬೈದಿದ್ದೆ. ನಿಂಗೆ ಹೇಳಿರ್ಲಿಲ್ಲ."

ಭಾವ ಎಂದರೆ ನನ್ನ ಗಂಡ. ನನ್ನ ಗಂಡ ಸತ್ತ ಆ ವಾರ ಕೆಂಪಣ್ಣ ಕಬಡ್ಡಿ ನೋಡಲು ಹೋಗಿದ್ದ ಎಂಬುದು ನನಗೆ ತಿಳಿದದ್ದು ಆ ಸಂಜೆಯೇ. ನನಗೆ ನೋವಾಯಿತೆಂದು ಹೇಳಲಾರೆ. ಆ ದಿನಗಳಲ್ಲಿ ಅವನು ನಮ್ಮ ಗದ್ದೆಗೆ ನೀರು ಹಾಯಿಸಿದ್ದ, ಬಂದವರಿಗೆ ಅನ್ನ ಹಾಕಿಸಿದ್ದ. ಮಧ್ಯೆ ಒಂದು ಹೊತ್ತು ಎಲ್ಲಿಗೋ ಹೋದ. ಹೋಗಲಿ.

"ಮಂಜ ಅಲ್ಲವ್ನಾ? ಕೊಡು" ಎಂದಳು.

ಮಂಜು ಫೋನು ತೆಗೆದುಕೊಂಡ. ಗಡ್ಡದ ಮುಖ ನೋಡಿ ಅವಳು, "ಯಾಕಪ್ಪ ಹಿಂಗಾಗಿದೀಯ, ಊಟ ಮಾಡ್ತೀಯ ತಾನೆ? ಕೂಸನ್ನ ಕರ್ಕೊಂಡ್ ಹೋಗು. ನಿಮ್ ಚಿಕ್ಕಪ್ಪ ಇದ್ದಿದ್ರೆ ನಿಂಗಿಂತ ಮುಂಚೆ ಅವ್ರೇ ಹೊಂಟು ನಿಂತಿರೋರು" ಎಂದಳು. ಮಂಜು "ನಾನು ಬರಕ್ಕಾಗ್ಲಿಲ್ಲ ಚಿಕ್ಕಮ್ಮ" ಎಂದ. ಅಷ್ಟು ಹೇಳಿ ಅತ್ತ. ಸೋಮವಾರದಿಂದ ಅವನು ಅತ್ತಿರಲಿಲ್ಲ. ನಾನು ಹೋಗಿ ಒಲೆ ಹಚ್ಚಿದೆ.

ಶನಿವಾರ ಹೋದೆವು. ಅಪ್ಪ, ಮಗಳು, ನಾನು. ರೂಪ ಬರಲಿಲ್ಲ, ಆ ಬಿಸಿಲು ತನಗಾಗದು ಎಂದಳು. ಇಂಚರ ಹಳೆಯ ಟೋಪಿ ಹಾಕಿಕೊಂಡಿದ್ದಳು, ತಲೆಗೆ ಬಿಗಿ. ನಮ್ಮ ಸುತ್ತ ಕೂತವರೆಲ್ಲ ಇಲ್ಲಿಯ ತಂಡದವರು. ಹಿಂದಿನ ಸಾಲಿನ ದಪ್ಪ ಮನುಷ್ಯನೊಬ್ಬ "ರಾಂಗ್ ಹ್ಯಾಟ್, ಸ್ವೀಟ್‌ಹಾರ್ಟ್" ಎಂದು ನಕ್ಕ. ಅವಳು ತಿರುಗಿ "ನೋ. ರಾಂಗ್ ಸ್ಟೇಡಿಯಂ" ಅಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಂಜು ನನಗೆ ಅರ್ಥ ಹೇಳಿದ. ಐದು ದಿನಗಳಲ್ಲಿ ಅವನು ನಕ್ಕದ್ದು ಅದೇ ಮೊದಲು.

ಆಟ ಶುರುವಾಯಿತು. ಎರಡನೇ ಬೇಸಿನ ಹತ್ತಿರ ಬಂದು ನಿಂತವನು ಎತ್ತರದ ಆಳು.

"ಎಲ್ಲಿ ನಿಮ್ ಗಿಡ್ಡ?" ಎಂದೆ.

ಮಂಜು ಫೋನು ನೋಡಿ, ಇವತ್ತು ಅವನಿಗೆ ರಜೆ ಕೊಟ್ಟಿದ್ದಾರೆ ಎಂದ. ದಿನಾ ಆಡುವವರನ್ನು ಮಧ್ಯೆ ಮಧ್ಯೆ ಹೀಗೆ ಕೂರಿಸುತ್ತಾರಂತೆ.

ಅವನು ತಂಡದವರ ಬೆಂಚಿನಲ್ಲಿ ಕೂತಿದ್ದ. ನಾವು ಕೂತಲ್ಲಿಂದ ಕಾಣುತ್ತಿದ್ದ. ಸೂರ್ಯಕಾಂತಿ ಬೀಜ ಬಾಯಿಗೆ ಹಾಕಿಕೊಂಡು ಸಿಪ್ಪೆ ಉಗಿಯುತ್ತಿದ್ದ. ಬೀಜ ಹಾಕಿಕೊಳ್ಳುವುದು, ಉಗಿಯುವುದು. ಅಷ್ಟು ದೊಡ್ಡ ಮೈದಾನದಲ್ಲಿ ಸಾವಿರಾರು ಜನ ಚೆಂಡು ನೋಡುತ್ತಿದ್ದರು. ನನ್ನ ಮೊಮ್ಮಗಳು ಅವನು ಉಗಿಯುವುದನ್ನು ನೋಡುತ್ತಿದ್ದಳು.

"ಕೊನೇಲಿ ಕರೀಬಹುದು" ಎಂದು ಮಂಜು ಎರಡು ಮೂರು ಸಲ ಹೇಳಿದ. ಕರೆಯಲಿಲ್ಲ. ತಂಡವೂ ಸೋತಿತು. ಗಿಡ್ಡ ಎದ್ದು, ಕೈಯಲ್ಲಿದ್ದ ಬೀಜ ಚೆಲ್ಲಿ, ಒಳಗೆ ಹೋದ. ನಮ್ಮ ಕಡೆ ನೋಡಲಿಲ್ಲ.

ಅವಳು ಅಳುತ್ತಾಳೆಂದು ಕಾದೆ. ಅಳಲಿಲ್ಲ. ರೈಲಿನಲ್ಲಿ ನಾನು "ಅವನು ಆಡ್ಲೇ ಇಲ್ವಲ್ಲ. ಇದಕ್ಕಾ ಇಷ್ಟೆಲ್ಲ ಮಾಡಿದ್ದು?" ಎಂದೆ.

"ಹಿ ವಾಸ್ ಟಯರ್ಡ್, ಅಜ್ಜಿ. ನೆನ್ನೆ ತುಂಬ ಆಡಿದ್ದ" ಎಂದಳು. ಅವನ ಪರವಾಗಿ ನನ್ನ ಹತ್ತಿರವೇ ಜಗಳಕ್ಕೆ ಬಂದಳು. ಮನೆಗೆ ಬಂದು ಒಗ್ಗರಣೆಯಿಲ್ಲದ ಸಾರಿನಲ್ಲಿ ಇಡೀ ಮುದ್ದೆ ತಿಂದಳು.

ಮಾರನೇ ದಿನ ಪುಟ್ಟತಾಯಿಯೇ ಫೋನು ಮಾಡಿ "ಗೆದ್ರಾ?" ಎಂದು ಕೇಳಿದಳು.

"ಸೋತ್ರು."

"ಬುಡು. ಇವ್ರು ನೋಡಾಕೆ ಹೋಗ್ತಿದ್ದೋರೂ ಸೋಲೋರೆ. ಒಂದ್ ದಿನ ಗೆದ್ದು ಬಂದಿದ್ ಕಾಣೆ" ಎಂದು ನಕ್ಕಳು. ಗಂಡ ಸತ್ತ ವಾರದಲ್ಲಿ ನಕ್ಕಳೆಂದು ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಮುಂದಿನ ಬೇಸಿಗೆಯಲ್ಲೂ ಆ ಮುದುಕ ರೇಡಿಯೋದಲ್ಲಿ ಕೂಗಿದ, ಆದರೆ ದಿನಾ ಅಲ್ಲ. ಅದರ ಮುಂದಿನ ಬೇಸಿಗೆಗೆ ಇಂಚರಳಿಗೆ ಇಲ್ಲಿಯೇ ಗೆಳತಿಯರಿದ್ದರು, ಈಜುವ ಕ್ಲಾಸಿತ್ತು. ಗಿಡ್ಡನನ್ನು ಬೇರೆ ಊರಿನವರು ಕೊಂಡುಕೊಂಡರೆಂದು ಮಂಜು ಒಂದು ದಿನ ಹೇಳಿದ. ಅವಳು "ಓ" ಅಂದಳು.

ಈಗ ಅವಳಿಗೆ ಹದಿನಾರು ದಾಟಿದೆ. ಯಾವ ಆಟವನ್ನೂ ನೋಡುವುದಿಲ್ಲ. ತಪ್ಪೇನಿಲ್ಲ, ಚೆನ್ನಾಗಿ ಓದುತ್ತಾಳೆ. ಎಲ್ಲರ ಕೈಯಲ್ಲೂ ಫೋನಿದೆ, ಮನೆಯಲ್ಲಿ ಸದ್ದಿಲ್ಲ.

ಹೋದ ವರ್ಷ ಪುಟ್ಟತಾಯಿ ಹೋದಳು. ಮಂಜು ಆಫೀಸಿಂದಲೇ ಫೋನು ಮಾಡಿ ಸುದ್ದಿ ಹೇಳಿ, "ತಲೆಗೆ ನೀರು ಹಾಕ್ಕೊಂಡ್ಬಿಡು ಅವ್ವ, ಸಾಕು. ಈಗ ಅಷ್ಟೆಲ್ಲ ಯಾರೂ ಹಿಡಿಯಲ್ಲ" ಎಂದ. ಅವನು ಕೆಟ್ಟವನಾಗಿಲ್ಲ, ಕೆಲಸ ಜಾಸ್ತಿಯಾಗಿದೆ. ಸಂಜೆ ಇಂಚರಳಿಗೆ ಹೇಳಿದೆ. ಕಿವಿಯಿಂದ ಒಂದು ಗುಂಡಿ ತೆಗೆದು, "ಯಾರು ಅಜ್ಜಿ ಅವರು?" ಎಂದು ಕೇಳಿದಳು. ಹೇಳಿದೆ. "ಐಯಾಮ್ ಸಾರಿ, ಅಜ್ಜಿ" ಎಂದು ನನ್ನ ಬೆನ್ನು ಸವರಿದಳು. ಮೃದುವಾಗಿಯೇ ಸವರಿದಳು, ಪಕ್ಕದ ಮನೆಯವರ ಸಾವಿಗೆ ಸವರುವ ಹಾಗೆ.

ಆಮೇಲೆ ಎಲ್ಲರೂ ಬಂದು ಕೂತೆವು. ದೂರದ ಊರಲ್ಲಿ ಯಾರು ಸೋತರೂ ಯಾರು ಸತ್ತರೂ ನಮ್ಮ ಮನೆಯಲ್ಲಿ ಈಗ ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ.