ತಿಕೋಟಾದಿಂದ ಬಂದ ಮಲ್ಲಿಗೆ

ಆಗ ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಜಾಗಗಳೇ ಹೆಚ್ಚಿದ್ದವು. ಬಾಗಿಲಲ್ಲಿ ನಿಂತರೆ ಜೋಳದ ಹೊಲ ಕಾಣುತ್ತಿತ್ತು. ನಳದಲ್ಲಿ ನೀರು ಯಾವ ದಿನ ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬಂದಿತೆಂದರೆ ಓಣಿಗೆ ಓಣಿಯೇ ಎದ್ದು ಕೂರುತ್ತಿತ್ತು. ಕೊಡ, ಬಕೀಟು, ಚರಿಗೆ, ಕೊನೆಗೆ ಸಾರಿನ ಪಾತ್ರೆಗೂ ನೀರು ತುಂಬಿಡುತ್ತಿದ್ದೆವು. ಆ ದಿನಗಳಲ್ಲಿ ವಿಜಯಪುರದಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ಇಂಥ ಕಡೆ ನಮ್ಮವ್ವ ಹೂದೋಟ ಮಾಡಿದ್ದಳು. ತೋಟವೆಂದರೆ ಕಂಪೌಂಡಿನೊಳಗಿನ ಒಂದು ಪಟ್ಟಿ ಎರೆಮಣ್ಣು. ಅದರಲ್ಲಿ ದಾಸವಾಳ, ಅಬ್ಬಲಿ, ತಾನಾಗಿ ಹುಟ್ಟಿ ತಾನಾಗಿ ಹಬ್ಬಿದ ಸಂಜೆಮಲ್ಲಿಗೆ. ಸಂಜೆಮಲ್ಲಿಗೆಯ ಕಪ್ಪು ಬೀಜಗಳು ನನ್ನ ಆಟದ ಅಡಿಗೆಮನೆಯಲ್ಲಿ ಮೆಣಸಿನ ಕಾಳಾಗುತ್ತಿದ್ದವು, ಅದರ ಹೂವು ಪೀಪಿಯಾಗುತ್ತಿತ್ತು. ಮೂಲೆಯಲ್ಲಿ, ಬಚ್ಚಲ ಗೋಡೆಗೆ ಆತು ನಿಂತಿದ್ದು ದುಂಡುಮಲ್ಲಿಗೆ. ಅದೇ ತೋಟದ ಯಜಮಾನಿ.

ಆ ಮಲ್ಲಿಗೆಗೂ ನನಗೂ ಒಂದೇ ವಯಸ್ಸು. ಬಾಣಂತನ ಮುಗಿಸಿಕೊಂಡು ತಿಕೋಟಾದ ತವರಿನಿಂದ ಬರುವಾಗ ಅವ್ವ ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದು ಕೈಯಲ್ಲಿ ಎಣ್ಣೆ ಡಬ್ಬಿಯಲ್ಲಿದ್ದ ಸಸಿಯನ್ನೂ ಹಿಡಿದು ಬಸ್ಸಿನಲ್ಲಿ ಕೂತಿದ್ದಳಂತೆ. ಎರಡರಲ್ಲಿ ಯಾವುದನ್ನು ಹೆಚ್ಚು ಜೋಪಾನ ಮಾಡಿದ್ದಳೋ, ನನಗೆ ಇವತ್ತಿಗೂ ಅನುಮಾನ. ಆಮೇಲೆ ತಿಕೋಟಾದ ಆಯಿ, ಅವ್ವನ ಅವ್ವ, ತೀರಿಕೊಂಡಳು. ಮಾವ ಮನೆ ಹೊಸದಾಗಿ ಕಟ್ಟಿಸುವಾಗ ಹಿತ್ತಲಿಗೆಲ್ಲ ಕಾಂಕ್ರೀಟು ಹಾಕಿಸಿದ. ಅಲ್ಲಿದ್ದ ತಾಯಿಗಿಡವೂ ಹೋಯಿತು. ಉಳಿದದ್ದು ನಮ್ಮದೊಂದೇ.

"ಇದು ಹೂ ಬಿಟ್ಟಾಗಷ್ಟ ನನಗ ನಮ್ಮವ್ವನ ಮನಿ ವಾಸನಿ ಬರ್ತೈತಿ," ಅನ್ನುತ್ತಿದ್ದಳು ಅವ್ವ.

ಬೇಸಿಗೆಯ ಸಂಜೆಗಳು ಆ ವಾಸನೆಯಲ್ಲೇ ಕರಗಿ ಹೋಗುತ್ತಿದ್ದವು. ಬಿಸಿಲು ಇಳಿಯುವ ಹೊತ್ತಿಗೆ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯ ಮೇಲೆ ಹರವಿ, ಅವ್ವ ಮಾಲೆ ಕಟ್ಟುತ್ತಿದ್ದಳು. ನಾನು ಅಂಗಳದ ಹೊರಸಿನ ಮೇಲೆ ಅಂಗಾತ ಬಿದ್ದುಕೊಂಡು ಬೆಲ್ಲ ಹಚ್ಚಿದ ರೊಟ್ಟಿ ತಿನ್ನುತ್ತಿದ್ದೆ. ಮೊಗ್ಗುಗಳು ಅವ್ವನ ಮಡಿಲಲ್ಲೇ ಒಂದೊಂದಾಗಿ ಅರಳುತ್ತಿದ್ದವು. ಆಕಾಶ ಎಲ್ಲಿ ಮುಗಿಯಿತು, ನಿದ್ದೆ ಎಲ್ಲಿ ಶುರುವಾಯಿತು ಅನ್ನುವುದು ತಿಳಿಯುತ್ತಿರಲಿಲ್ಲ. ಕಟ್ಟಿದ ಮಾಲೆಯಲ್ಲಿ ಒಂದು ತುಂಡು ಪಕ್ಕದ ಮನೆಯ ಮೆಹರುನ್ ಖಾಲಾಗೆ ಮೀಸಲು. ಖಾಲಾ ಗುಲಾಬಿ ಬಿಟ್ಟು ಬೇರೇನೂ ಬೆಳೆಸುತ್ತಿರಲಿಲ್ಲ. "ಮಲ್ಲಿಗಿ ನಿಮ್ಮಲ್ಲಿ ಐತಲ್ಲ, ನಮಗ ಇನ್ನೊಂದ್ಯಾಕ?" ಎಂದು ಗೋಡೆಯಾಚೆಯಿಂದ ಕೈ ಚಾಚುತ್ತಿದ್ದಳು.

ನನ್ನ ಮೂರನೇ ಇಯತ್ತೆ ಮುಗಿದ ಬೇಸಿಗೆಯಲ್ಲಿ ಅಪ್ಪ ಬೋರು ಕೊರೆಸಿದರು. ಅಪ್ಪ ಬಬಲೇಶ್ವರದಲ್ಲಿ ಸಾಲಿ ಮಾಸ್ತರು. ಹೆಂಡತಿಗೆ ಒಂದು ಒಳ್ಳೆಯ ಮಾತು ಹೇಳುವುದಕ್ಕೂ ನಾಚುವ ಮನುಷ್ಯ. ಯಂತ್ರ ಗುಡುಗುಟ್ಟಿ, ಬೂದು ಮಣ್ಣು ಹಾರಿ, ಕೊನೆಗೆ ನೀರು ಚಿಮ್ಮಿದಾಗ ಅಪ್ಪ ಮೈಯೆಲ್ಲ ರಾಡಿ ಮಾಡಿಕೊಂಡು ಒಳಗೆ ಓಡಿ ಬಂದರು.

"ನೀರ ಬಿದ್ದಾವು! ಇನ್ನ ಮ್ಯಾಲೆ ನೀ ಗಿಡಕ್ಕ ಕೊಡ ಹೊರೂದು ಬಂದ್!"

ಅಷ್ಟು ದೊಡ್ಡ ಮಾತನ್ನು ಅಪ್ಪ ಅವ್ವನಿಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವ ಮುಖ ತಿರುಗಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ನೀರಿನಲ್ಲಿ ಬೇಳೆ ಬೇಯಲಿಲ್ಲ. ಚಹಾ ಬಾಯಿಗೆ ಹತ್ತಲಿಲ್ಲ. ಕೆಳಗಿನ ನೀರು ಸವಳು, ಅಂದರೆ ಉಪ್ಪು.

"ಈ ನೀರಾಗ ಬ್ಯಾಳಿ ಬೇಯವಲ್ವು ನೋಡ್ರಿ. ಗಿಡಕ್ಕ ಹಾಕಿದ್ರ ನಡೀತೈತೇನ್ರಿ?" ಅವ್ವ ಕೇಳಿದಳು.

"ಗಿಡಕ್ಕೇನ್ ನಾಲಿಗಿ ಐತೇನು, ರುಚಿ ನೋಡಾಕ?" ಅಪ್ಪ ನಕ್ಕುಬಿಟ್ಟರು. ನಾವೂ ನಕ್ಕೆವು. ಹೊಸ ಹಸಿರು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಅಪ್ಪ ಗಿಡಗಳಿಗೆ ನೀರು ಹಾರಿಸುತ್ತಿದ್ದರು. ನಾನು ಅದರ ಕೆಳಗೆ ಕುಣಿಯುತ್ತಿದ್ದೆ. ಬಿಸಿಲಿಗೆ ಆ ನೀರಿನಲ್ಲಿ ಸಣ್ಣದೊಂದು ಕಾಮನಬಿಲ್ಲು ಮೂಡುತ್ತಿತ್ತು. ಅಪ್ಪ ಅಷ್ಟು ನಗುವ ಮನುಷ್ಯ ಎಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಮೊದಲು ಸುಟ್ಟದ್ದು ಅಬ್ಬಲಿ. ಆಮೇಲೆ ಮಲ್ಲಿಗೆಯ ಎಲೆಗಳ ಅಂಚು ಕಂದಿತು. "ಬಿಸಲಿಗಿ ಹಂಗ ಆಗೈತಿ," ಎಂದು ಅಪ್ಪ ಇನ್ನಷ್ಟು ನೀರು ಬಿಟ್ಟರು. ಎಲೆಗಳು ಇನ್ನಷ್ಟು ಸುಟ್ಟವು. ಅದನ್ನು ನೋಡಿ ಹೊತ್ತು ಮುಳುಗುವಾಗ ಮತ್ತೊಮ್ಮೆ ನೀರು ಬಿಟ್ಟರು. ಮೊಗ್ಗುಗಳು ಅರಳದೆ ಕಂದು ಬಣ್ಣಕ್ಕೆ ತಿರುಗಿ ಉದುರತೊಡಗಿದವು. ಒಂದು ಮುಂಜಾನೆ ನೋಡಿದರೆ ಬುಡದ ಕರಿಮಣ್ಣಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಅವ್ವ ಬೆರಳಿಗೆ ಒಂದಿಷ್ಟು ಹಚ್ಚಿಕೊಂಡು ನಾಲಿಗೆಗೆ ಇಟ್ಟಳು. ಅಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಪೈಪು ಸುತ್ತಿ ಅಟ್ಟಕ್ಕೆ ಹಾಕಿದರು.

ಮರುದಿನ ಅಪ್ಪ ನನ್ನನ್ನು ಲೂನಾದ ಹಿಂದೆ ಕೂರಿಸಿಕೊಂಡು ಭೂತನಾಳ ಕೆರೆಗೆ ಹೊರಟರು. ಬೇಸಿಗೆಗೆ ಕೆರೆಯ ನೀರು ಹಿಂದೆ ಸರಿದು ಅಂಚು ಒಣಗಿ ಬಿರಿದಿತ್ತು. ಬಿರುಕಿನ ಮೇಲೆ ಕಾಲಿಟ್ಟರೆ ಮೇಲಿನ ಪದರ ಹಪ್ಪಳದಂತೆ ಮುರಿಯುತ್ತಿತ್ತು, ಕೆಳಗಿನ ತಂಪು ಮಣ್ಣಿನಿಂದ ಹಳೆಯ ನೀರಿನ ವಾಸನೆ ಬರುತ್ತಿತ್ತು. ದೂರದಲ್ಲಿ ಬೆಳ್ಳಕ್ಕಿಗಳು ನಿಂತಲ್ಲೇ ನಿದ್ದೆ ಹೋಗಿದ್ದವು. ನಾನು ಬರಿಗಾಲಲ್ಲಿ ಅಲ್ಲೆಲ್ಲ ತಿರುಗಿದೆ. ಅಪ್ಪ ಚೀಲಕ್ಕೆ ಮಣ್ಣು ತುಂಬುತ್ತಿದ್ದರು.

"ಅಪ್ಪಾ, ಗಿಡ ಸಾಯ್ತೈತೇನ್ರಿ?"

"ಗೊತ್ತಿಲ್ಲವ್ವಾ," ಅಂದರು. ಮಾಸ್ತರ ಬಾಯಲ್ಲಿ ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು.

ಅವ್ವ ಬೆಳ್ಳಗಾದ ಮಣ್ಣನ್ನೆಲ್ಲ ಕೆರೆದು ತೆಗೆದಳು, ಗಿಡವನ್ನು ಮೋಟಾಗಿ ಕತ್ತರಿಸಿದಳು, ಬುಡಕ್ಕೆ ಕೆರೆಯ ಮಣ್ಣು ಕೊಟ್ಟಳು. ಅಂದಿನಿಂದ ಮನೆಯ ಕಾನೂನು ಬದಲಾಯಿತು. ನಳದ ಸೀನೀರು ಕುಡಿಯುವುದಕ್ಕೆ, ಅಡಿಗೆಗೆ ಮತ್ತು ಮಲ್ಲಿಗೆಗೆ. ನಮ್ಮ ಜಳಕಕ್ಕೆ ಸವಳು ನೀರು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರುತ್ತಿರಲಿಲ್ಲ, ಮೈ ಅಂಟಂಟು, ನನ್ನ ಕೂದಲು ತೆಂಗಿನ ನಾರಾಯಿತು. ಅವ್ವ ಹಣಿಗೆಯಿಂದ ಹಿಕ್ಕುವಾಗ ನಾನು ಕಿರುಚಿ ಓಣಿ ಎಬ್ಬಿಸುತ್ತಿದ್ದೆ. ಖಾಲಾ ಅಕ್ಕಿ ತೊಳೆದ ನೀರನ್ನು ಮಲ್ಲಿಗೆಗೆಂದು ಗೋಡೆಯ ಮೇಲಿಂದ ದಾಟಿಸುತ್ತ, "ಸುಮ್ನಿರ ಬೇ ಹುಡುಗಿ, ನಿನ್ನ ಕೂದಲ ಮತ್ತ ಬರ್ತಾವು, ಮಲ್ಲಿಗಿ ಬರಂಗಿಲ್ಲ," ಅನ್ನುತ್ತಿದ್ದಳು.

ಒಮ್ಮೆ ಅವ್ವ ಚರಿಗೆಯನ್ನು ಅಪ್ಪನ ಕಡೆ ಚಾಚಿದಳು. "ನೀವ ಹಾಕ್ರಿ."

ಅಪ್ಪ ಹಿಂದೆ ಸರಿದರು. "ಬ್ಯಾಡ. ಅದಕ್ಕ ನನ್ನ ಕೈ ಬ್ಯಾಡ."

ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಒಂದು ಮಧ್ಯಾಹ್ನ ಬಂತು. ಒಣ ಎರೆಮಣ್ಣಿನ ಆ ಮೊದಲ ವಾಸನೆ ನಮ್ಮ ಕಡೆಯವರಿಗೆ ಗೊತ್ತು, ತಿನ್ನಬೇಕು ಅನ್ನಿಸುತ್ತದೆ. ಮಳೆ ಅಂಗಳದ ಉಪ್ಪನ್ನೆಲ್ಲ ತೊಳೆದುಕೊಂಡು ಹೊರಗೆ ಹರಿಯಿತು. ಕೆಲವು ದಿನಗಳ ಮೇಲೆ ಒಣಗಿದ ಮೋಟಿನ ಪಕ್ಕದಲ್ಲಿ ಜೋಳದ ಕಾಳಿನಷ್ಟು ಹಸಿರು ಕಂಡಿತು.

"ಬರ್ರಿ, ನೋಡ್ ಬರ್ರಿ! ಚಿಗತೈತಿ!" ಅವ್ವ ಕೂಗಿದಳು. ಅಪ್ಪ ಓಡಿ ಬಂದು ಬಗ್ಗಿ ನೋಡಿದರು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಆಮೇಲೆ ಗಿಡ ಮೊದಲಿಗಿಂತ ದೊಡ್ಡದಾಯಿತು, ಬೇಸಿಗೆ ಬೇಸಿಗೆಗೂ ಹೂವು ಬಿಟ್ಟಿತು. ಅಪ್ಪ ಮಾತ್ರ ಅದಕ್ಕೆ ಒಂದು ಚರಿಗೆ ನೀರು ಹಾಕಿದ್ದನ್ನು ನಾನು ನೋಡಲಿಲ್ಲ. ಆ ಮೂಲೆಗೆ ಬಂದರೆ ಸುತ್ತಿಕೊಂಡು ಹೋಗುತ್ತಿದ್ದರು.

ಈಗ ನಮ್ಮ ನಳದಲ್ಲಿ ಯಾವಾಗ ತಿರುಗಿಸಿದರೂ ಸೀನೀರು. ಜೋಳದ ಹೊಲದಲ್ಲಿ ಮನೆಗಳೆದ್ದಿವೆ, ಖಾಲಾ ಮಗಳ ಮನೆಗೆ ಹೋಗಿದ್ದಾಳೆ, ಗೋಡೆಯಾಚೆಯಿಂದ ಯಾರೂ ಕೈ ಚಾಚುವುದಿಲ್ಲ. ನಾನು ಮದುವೆಯಾಗಿ ತೊರವಿಯ ಕಡೆ ಇದ್ದೇನೆ, ವಾರಕ್ಕೊಮ್ಮೆಯಾದರೂ ತವರಿಗೆ ಹೋಗುತ್ತೇನೆ. ಅಪ್ಪ ನಿವೃತ್ತರಾದ ಮೇಲೆ ಒಂದು ದಿನ, ಮಕ್ಕಳು ಕೇಳುವ ಹಾಗೆ ಕೇಳಿದರಂತೆ: "ಮಲ್ಲಿಗಿಗೆ ನಾ ನೀರ ಬಿಡ್ಲೇನು? ಈಗ ಸೀನೀರ ಅದಾವಲ್ಲ." ಅವ್ವ ಪೈಪು ಕೈಗೆ ಕೊಟ್ಟಳು.

ಅಪ್ಪ ಮುಂಜಾನೆ ಬಿಟ್ಟರು, ಸಂಜೆ ಬಿಟ್ಟರು, ನಡುವೆ ಬೇಸರವಾದಾಗಲೂ ಬಿಟ್ಟರು. ಎರೆಮಣ್ಣು ನೀರು ಹಿಡಿದರೆ ಬಿಡುವುದಿಲ್ಲ. ಉಪ್ಪುನೀರು ಕುಡಿದು ಬದುಕಿದ ಗಿಡದ ಬೇರು ಸೀನೀರಿನಲ್ಲಿ ಕೊಳೆಯಿತು. ಒಂದು ಟೊಂಗೆ ಬಗ್ಗಿಸಿ ಮಣ್ಣಲ್ಲಿ ಹೂತು ಬೇರು ಬರಿಸಿ ನಮ್ಮ ಮನೆಗೆ ತರಬೇಕು ಎಂದು ನಾನು ಅಂದುಕೊಳ್ಳುತ್ತಲೇ ಇದ್ದೆ. ಹೋದ ಮಳೆಗಾಲದಲ್ಲಿ ಗಿಡ ಪೂರ್ತಿ ಹೋಯಿತು. ಪೇಟೆಯ ಮಲ್ಲಿಗೆ ಈಗಲೂ ಮುಡಿಯುತ್ತೇನೆ, ಆದರೆ ಅದರಲ್ಲಿ ತಿಕೋಟಾ ಇಲ್ಲ. ನನಗೆ ಇಷ್ಟು ನೋವಾದರೆ ಅವ್ವನಿಗೆ ಎಷ್ಟಾಗಿರಬೇಡ?

ಮೊನ್ನೆ ಅಡಿಗೆಮನೆಯಲ್ಲಿ ಕೂತು ಕೇಳಿದೆ. "ಎಲಿ ಹಳದಿ ಆಗಾಕತ್ತಿದ್ದು ನಿನಗ ಕಂಡಿರ್ಲಿಲ್ಲೇನ್ ಬೇ?"

"ಕಂಡಿತ್ತು."

"ಮತ್ತ ಅಪ್ಪಗ ಸಾಕ್ರಿ ಅನ್ನಬೇಕಿಲ್ಲ?"

ಅವ್ವ ಬೇಳೆ ಆರಿಸುವುದನ್ನು ನಿಲ್ಲಿಸಲಿಲ್ಲ. "ವಯಸ್ಸಾಗಿತ್ರಿ ಆ ಗಿಡಕ್ಕ ಅಂತ ಹೇಳೇನಿ. ನೀನೂ ಹಂಗ ಹೇಳು." ಒಂದು ಹರಳು ಹೆಕ್ಕಿ ಪಕ್ಕಕ್ಕೆ ಹಾಕಿ ಅಂದಳು: "ಆ ಬೋರ ಕೊರಸಿದ ಮ್ಯಾಲೆ ನಿಮ್ಮಪ್ಪ ಪೈಪ ಹಿಡದು ನಗೂದು ನಾ ಮತ್ತ ನೋಡಿರ್ಲಿಲ್ಲ. ಹೆಂಗ ಸಾಕ್ರಿ ಅನ್ನಲಿ?"

ಅಷ್ಟರಲ್ಲಿ ಹೊರಗಿನಿಂದ ಅಪ್ಪನ ಧ್ವನಿ ಬಂತು: "ಏ, ನಳಾ ಬಿಡ, ದಾಸಾಳಕ್ಕ ನೀರ ಹಾಕ್ತೇನಿ."

ಅವ್ವ ಮೊರ ಪಕ್ಕಕ್ಕಿಟ್ಟು ಎದ್ದು ಹೋಗಿ ನಳ ತಿರುಗಿಸಿದಳು.