ನನ್ನ ಸೊಸೆ ಎಚ್.ಎಂ. ಆದ ವರ್ಷ

ನನ್ನ ಸೊಸೆಗೆ ಕನ್ನಡ ಓದಲು ಬರುವುದಿಲ್ಲ. ಮನೆಯಲ್ಲಿ ಮಾತಾಡುವುದು ಕನ್ನಡವೇ, ಆದರೆ ಅಕ್ಷರ ತೋರಿಸಿದರೆ ಜಿಲೇಬಿ ನೋಡಿದ ಹಾಗೆ ನೋಡುತ್ತಾಳೆ. ಅದಕ್ಕೇ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ. ನಾನು ಪಳ್ಳಿಕೂಡಕ್ಕೆ ಹೋದದ್ದು ಮೂರನೇ ಕ್ಲಾಸಿನ ತನಕ, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿಸಿದವರು ನನ್ನ ಮಾವ. ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಿ.

ನಮ್ಮೂರು ಕೋಯಮತ್ತೂರಿನ ಹತ್ತಿರದ ಸಿರುಮುಗೈ. ನಾವು ರೇಷ್ಮೆ ಸೀರೆ ನೇಯುವವರು. ನಮ್ಮ ಮಗ್ಗದ ಕೋಣೆಯ ಕಿಟಕಿಗೂ ಸರ್ಕಾರಿ ಶಾಲೆಗೂ ನಡುವೆ ಒಂದು ಸಣ್ಣ ಸಂದಿ, ಅಷ್ಟೇ. ಆ ಕಡೆ ಐದನೇ ಕ್ಲಾಸು, ಅದಕ್ಕೆ ಅಂಟಿಕೊಂಡು ನಾಲ್ಕನೇ ಕ್ಲಾಸು. ಅಲ್ಲಿ ನಡೆದ ಪಾಠವೆಲ್ಲ ನನ್ನ ಕಿವಿಗೆ ಬೀಳುತ್ತದೆ. ಫೀಸು ಕಟ್ಟದೆ ಐದನೇ ಕ್ಲಾಸನ್ನು ಎಷ್ಟು ಸಲ ಪಾಸು ಮಾಡಿದ್ದೇನೋ ನನಗೇ ಲೆಕ್ಕವಿಲ್ಲ.

ಸೊಸೆ ಕೋಯಮತ್ತೂರಿನ ಆರ್.ಎಸ್. ಪುರಂನಲ್ಲಿ ಬೆಳೆದವಳು. ಮದುವೆಯಾಗಿ ಬಂದ ಮೊದಲ ವಾರ ಮಗ್ಗದ ಸದ್ದಿಗೆ ತಲೆನೋವು ಎಂದು ಮಲಗಿದ್ದಳು. ಆಮೇಲೆ ಸರಿಹೋದಳು. ಹಲವು ಊರುಗಳಲ್ಲಿ ಟೀಚರಾಗಿದ್ದು, ಕೊನೆಗೆ ಬಡ್ತಿ ಬಂದು, ನಮ್ಮ ಕಿಟಕಿಯಾಚೆಯ ಈ ಶಾಲೆಗೇ ಎಚ್.ಎಂ. ಆಗಿ ಬಂದಳು. ಬೀದಿಗೆಲ್ಲ ಕೇಸರಿಬಾತು ಹಂಚಿದೆವು. ನಾಲ್ಕು ತಿಂಗಳಿಗೆ ಅವಳ ರವಿಕೆಗಳೆಲ್ಲ ದೊಗಳೆಯಾದವು.

ಯಾಕೆ ಅಂದರೆ, ಎಲ್ಲ ಕೆಲಸ ಅವಳದೇ. ಗಂಟೆ ಹೊಡೆಯುವುದು ಅವಳು. ನೀರಿನ ಟ್ಯಾಂಕ್ ತುಂಬಿದೆಯಾ ಎಂದು ಹತ್ತಿ ನೋಡುವುದು ಅವಳು. ಟೈಮ್ ಟೇಬಲ್ ಬರೆಯುವುದು, ಪ್ರಶ್ನೆಪತ್ರಿಕೆ ಮಾಡುವುದು, ಆಟದ ದಿನ ಹಗ್ಗ ಕಟ್ಟುವುದು ಎಲ್ಲ ಅವಳೇ. ಇದರ ಮೇಲೆ ಐದನೇ ಕ್ಲಾಸಿಗೆ ಗಣಿತ ಬೇರೆ. ಶಾಲೆಯಲ್ಲಿ ಇನ್ನೂ ಆರು ಜನ ಟೀಚರುಗಳಿದ್ದರು. ಅವರು ತಮ್ಮ ತಮ್ಮ ಕ್ಲಾಸಿಗೆ ಹೋಗುತ್ತಿದ್ದರು, ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು, ಸಂಜೆ ಬಸ್ಸು ಹಿಡಿಯುತ್ತಿದ್ದರು.

ವಾರಕ್ಕೊಮ್ಮೆ ಮೀಟಿಂಗ್ ಇಡುತ್ತಿದ್ದಳು. ಅದೂ ಐದನೇ ಕ್ಲಾಸಿನ ಕೋಣೆಯಲ್ಲೇ. ನಾನು ಮಗ್ಗ ನಿಲ್ಲಿಸಿ ಕೇಳುತ್ತಿದ್ದೆ. ಒಂದು ಗಂಟೆ ಇವಳದೇ ಮಾತು. ಅವರದು ಒಂದೇ ಉತ್ತರ: "ಸರೀಂಗ ಟೀಚರ್." ಆರು ಬಾಯಿಯಿಂದ ಆರು ಸಲ. ಹೊರಗೆ ಬಂದಮೇಲೆ ನಮ್ಮ ಕಿಟಕಿಯ ಕೆಳಗೇ ನಿಂತು ಇನ್ನೊಂದು ಮೀಟಿಂಗ್ ನಡೆಸುತ್ತಿದ್ದರು. ಅದರಲ್ಲಿ ಎಲ್ಲರಿಗೂ ಬಾಯಿ ಇತ್ತು.

ಆ ವರ್ಷ ಐದನೇ ಕ್ಲಾಸಿನ ಮಕ್ಕಳಿಗೆ ಭಿನ್ನರಾಶಿ ತಲೆಗೆ ಹತ್ತಲಿಲ್ಲ. ಸೊಸೆ ಕಾರಣ ಕೇಳಿದಳು. ನಾಲ್ಕನೇ ಕ್ಲಾಸಿನಲ್ಲಿ ಅಡಿಪಾಯ ಸರಿಯಿಲ್ಲ ಎಂದು ಐದರ ಕ್ಲಾಸ್ ಟೀಚರ್ ಅಂದರು. ನಾಲ್ಕರವರು ಮೂರರ ಕಡೆ ಕೈ ತೋರಿಸಿದರು, ಮೂರರವರು ಎರಡರ ಕಡೆ. ಎರಡರಿಂದ ಅಂಗನವಾಡಿಗೆ ಹೋಯಿತು. ಅಂಗನವಾಡಿಯವಳು ಮಕ್ಕಳ ತಾಯಂದಿರ ಮೇಲೆ ಹಾಕಿದಳು. ಇನ್ನು ಸ್ವಲ್ಪ ಬಿಟ್ಟಿದ್ದರೆ ಹೆರಿಗೆ ಮಾಡಿಸಿದ ಸೂಲಗಿತ್ತಿಯ ತನಕ ಹೋಗುತ್ತಿತ್ತು.

ಆಗ ಸೊಸೆ ಒಂದು ಉಪಾಯ ಮಾಡಿದಳು. ನೋಟ್‌ಬುಕ್ ಹಿಡಿದು ಒಬ್ಬೊಬ್ಬರ ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತಳು. ಒಳ್ಳೆಯದಕ್ಕೇ ಕೂತಳು, ಸಹಾಯ ಮಾಡೋಣ ಅಂತ. ಆದರೆ ಅವಳು ಒಂದು ಸಾಲು ಬರೆದರೆ ಮುಂದೆ ನಿಂತವರ ನಾಲಗೆ ಒಣಗುತ್ತಿತ್ತು. ಏಳು ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳುವ ಸಾರ್ ಒಬ್ಬರು, ರಿಟೈರಾಗಲು ಎರಡು ವರ್ಷ ಇದ್ದವರು, ಕಿಟಕಿಯ ಕೆಳಗೆ ಅಂದರು: "ಇಷ್ಟು ವರ್ಷ ನನ್ನ ಪಾಠ ಇನ್ಸ್‌ಪೆಕ್ಟರೇ ಕೇಳಿಲ್ಲ. ಈಯಮ್ಮ ಕೇಳಿ ಪುಸ್ತಕಾನೇ ಬರೀತಿದಾಳೆ."

ಒಂದು ಸಂಜೆ ಸೊಸೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಚೀಲ ಕೂಡ ಇಳಿಸಲಿಲ್ಲ.

"ಅತ್ತೆ, ಬರೆದು ಕೊಟ್ಟುಬಿಡ್ತೀನಿ."

"ಏನನ್ನ?"

"ಎಚ್.ಎಂ. ಪದವಿ ಬೇಡ ಅಂತ. ಪರೀಕ್ಷೆ ಮುಗಿಯೋದ್ರೊಳಗೆ ಕೊಟ್ಟರೆ ಬರೋ ವರ್ಷ ಎಲ್ಲಾದ್ರೂ ಬರೀ ಟೀಚರಾಗಿ ಹೋಗಬಹುದು. ನನ್ನ ಕೈಲಾಗಲ್ಲ. ಯಾರೂ ಒಂದು ಕಡ್ಡಿ ಎತ್ತಿ ಆ ಕಡೆ ಇಡಲ್ಲ."

"ಎತ್ತಿಡು ಅಂತ ನೀನು ಕೇಳಿದೀಯಾ?"

"ಕೇಳಿ ಮಾಡಿಸೋದಕ್ಕಿಂತ ನಾನೇ ಮಾಡೋದು ಸುಲಭ ಅತ್ತೆ."

ಈ ಮಾತು ಕೇಳಿ ನನಗೆ ನಗು ಬಂತು. ನಾನೂ ಒಂದು ಕಾಲದಲ್ಲಿ ಇದೇ ಮಾತು ಆಡಿ ಬೀದಿಯವರ ಕೈಲೆಲ್ಲ ಬೈಸಿಕೊಂಡವಳು.

ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಹಳೆಯ ಹಾಸು ಮುಗಿದು ಹೊಸದು ಹಾಕುವಾಗ, ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಸೇರಿಸಬೇಕು. ಕೆಚ್ಚುವುದು ಅಂತೀವಿ. ಸಾವಿರಾರು ಎಳೆ. ಆ ದಿನ ಅಕ್ಕಪಕ್ಕದ ಮನೆಯ ಹೆಂಗಸರನ್ನು ಕರೆಯುವುದು ನಮ್ಮಲ್ಲಿ ರೂಢಿ. ನಾನು ಹೊಸ ಸೊಸೆಯಾಗಿದ್ದಾಗ, ನನ್ನ ಬೆರಳೇ ಚುರುಕು ಎಂಬ ಜಂಬಕ್ಕೆ, ಪಾಪ ಅವರಿಗೆ ಯಾಕೆ ತೊಂದರೆ ಎಂಬ ನೆಪ ಸೇರಿಸಿ, ಒಬ್ಬಳೇ ಮೂರು ದಿನ ಕೂತು ಕೆಚ್ಚಿದೆ. ನೇಯಲು ಶುರು ಮಾಡಿದರೆ ಅರ್ಧ ಎಳೆ ಜಾರಿತು. ಅದಾದರೂ ಇರಲಿ. ಎದುರುಮನೆಯ ಅಜ್ಜಿ ಬಾಗಿಲಿಗೇ ಬಂದು ಕೇಳಿದಳು: "ಏನು ಅಮ್ಮಣಿ, ನಮ್ಮ ಬೆರಳೆಲ್ಲ ಕೊಳೆತುಹೋಗಿದ್ವಾ?" ಹದಿನೈದು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಕೆಲಸಕ್ಕೆ ಕರೆದದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಕರೆಯದಿದ್ದರೆ ಮುನಿಸು.

ಸೊಸೆಗೆ ಇದನ್ನೆಲ್ಲ ಹೇಳಿದೆ. ಹೇಳಿ ಸುಮ್ಮನಿರಬೇಕಿತ್ತು. ನನ್ನ ಬಾಯಿಗೆ ಬೀಗ ಇಲ್ಲ.

"ಇನ್ನೊಂದು ಮಾತು. ನಿನ್ನ ಭಿನ್ನರಾಶಿ ಪಾಠ ಚೆನ್ನಾಗಿಲ್ಲ."

"ಏನಂದ್ರಿ?"

"ಎರಡು ಕ್ಲಾಸೂ ನನಗೆ ಕೇಳಿಸುತ್ತೆ. ನೀನು ಒಂದೇ ಸೂತ್ರಾನ ಮಕ್ಕಳ ಕೈಲಿ ಇಪ್ಪತ್ತು ಸಲ ಕೂಗಿಸ್ತೀಯ. ಆ ವೆಳ್ಳಕೋಯಿಲ್ ಹುಡುಗಿ ಏನೋ ಮಾಡ್ತಾಳೆ, ಮಕ್ಕಳು ನಗ್ತವೆ, ಆಮೇಲೆ ಸರಿಯಾಗಿ ಉತ್ತರ ಹೇಳ್ತವೆ."

ವೆಳ್ಳಕೋಯಿಲ್ ಹುಡುಗಿ ಎಂದರೆ ನಾಲ್ಕನೇ ಕ್ಲಾಸಿನ ಟೀಚರ್. ಆ ಊರಿನವಳು, ಆ ವರ್ಷವೇ ಬಂದು ಇಲ್ಲಿ ರೂಮು ಮಾಡಿಕೊಂಡಿದ್ದಳು. ಮೀಟಿಂಗಿನಲ್ಲಿ "ಸರೀಂಗ" ಬಿಟ್ಟರೆ ಅವಳ ದನಿ ನಾನು ಕೇಳಿದ್ದೇ ಇಲ್ಲ.

ಎರಡು ದಿನ ಸೊಸೆ ನನ್ನ ಜೊತೆ ಮಾತಾಡಲಿಲ್ಲ. ಪಾತ್ರೆಗಳು ಮಾತಾಡಿದವು. ನನ್ನ ಮಗ ಮೆಲ್ಲಗೆ ಕೇಳಿದ: "ಅಮ್ಮ, ನೀನು ಸ್ವಲ್ಪ ನಯವಾಗಿ ಹೇಳಬಾರದಿತ್ತಾ?" "ನಯವಾಗಿ ಹೇಳೋಕೆ ಅವಳ ಹತ್ತಿರ ಆರು ಜನ ಇದಾರಲ್ಲ" ಅಂದೆ.

ಮೂರನೇ ದಿನ ಕಿಟಕಿಯಾಚೆ ಸೊಸೆಯ ದನಿ ಕೇಳಿತು. ನಾಲ್ಕನೇ ಕ್ಲಾಸಿನ ಟೀಚರನ್ನು ಕರೆದು ಹೇಳುತ್ತಿದ್ದಳು: "ನಾಳೆ ನನ್ನ ಗಣಿತದ ಕ್ಲಾಸಿಗೆ ಬಂದು ಹಿಂದೆ ಕೂತ್ಕೋ. ಎಲ್ಲಿ ಕೆಡ್ತಾ ಇದೆ ಅಂತ ಹೇಳು. ನಿನ್ನ ಮಕ್ಕಳನ್ನ ಆ ಪೀರಿಯಡ್ಡು ಸಾರ್ ನೋಡ್ಕೊಳ್ತಾರೆ."

ಆ ಹುಡುಗಿ ಹೆದರಿಹೋದಳು. "ಟೀಚರ್, ನಾನೇನಾದ್ರೂ ತಪ್ಪು ಮಾಡಿದೀನಾ? ಮೆಮೋ ಗಿಮೋ ಕೊಡ್ತೀರಾ?"

"ತಪ್ಪು ಮಾಡ್ತಿರೋದು ನಾನು. ಬಾ."

ಮಾರನೆಯ ದಿನ ಬಂದಳು. ಸೊಸೆ ಪಾಠ ಮಾಡಿದಳು. ಮಕ್ಕಳು ಎಂದಿನಂತೆ ಕೂಗಿದವು. ನಾಲ್ಕನೇ ಒಂದು ಭಾಗ ದೊಡ್ಡದೋ ಎಂಟನೇ ಒಂದು ಭಾಗ ದೊಡ್ಡದೋ ಎಂದರೆ, ಎಂಟನೇ ಒಂದು ಭಾಗ ಎಂದು ಇಡೀ ಕ್ಲಾಸು ಒಕ್ಕೊರಲಿನಿಂದ ಹೇಳಿತು. ಸೊಸೆ ಹೋಗಿ ಗಂಟೆ ಹೊಡೆದು ಬಂದಳು, ಮಕ್ಕಳು ಹೊರಗೆ ಓಡಿದವು.

"ಹೇಗಿತ್ತು?" ಎಂದು ಸೊಸೆ ಕೇಳಿದಳು.

"ತುಂಬಾ ಚೆನ್ನಾಗಿತ್ತು ಟೀಚರ್."

ನನಗೆ ತಡೆಯಲಾಗಲಿಲ್ಲ. ಕಿಟಕಿಯಿಂದ, "ಸುಳ್ಳು!" ಎಂದು ಕೂಗಿದೆ.

ಆ ಹುಡುಗಿ ಕಿಟಕಿಯ ಕಡೆ ತಿರುಗಿ ನೋಡಿದಳು. ಆಮೇಲೆ ಸೊಸೆ, "ಅದು ನಮ್ಮತ್ತೆ. ಅವರು ಹೇಳಿದ್ದು ಸರಿ. ನೀನೂ ಹೇಳು" ಅಂದಳು. ಆ ಹುಡುಗಿ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ನಕ್ಕು ನಕ್ಕು ಭಯ ಬಿಟ್ಟಿತೇನೋ. ಹಳೆಯ ಪೇಪರಿನ ಹಾಳೆ ತಗೊಂಡು ತಾನು ಮಾಡುವುದನ್ನು ತೋರಿಸಿದಳು. ಮಕ್ಕಳ ಕೈಗೇ ಹಾಳೆ ಕೊಟ್ಟು ಮಡಚಿಸುವುದು. ಎರಡು ಭಾಗ, ನಾಲ್ಕು, ಎಂಟು. ಮಡಚಿದಷ್ಟೂ ಒಂದೊಂದು ತುಂಡು ಚಿಕ್ಕದಾಗುವುದು ಅವರ ಕಣ್ಣಿಗೇ ಕಾಣಬೇಕು. ಸೂತ್ರ ಆಮೇಲೆ. ಇಷ್ಟೇ ವಿಷಯ. ಒಂದು ಗೋಡೆಯಾಚೆ ಇದ್ದದ್ದು ಈ ಕಡೆ ಬರಲು ಆರು ತಿಂಗಳಾಯಿತು.

ಮರುದಿನ ಐದನೇ ಕ್ಲಾಸಿನಲ್ಲಿ ಆ ಹುಡುಗಿಯೇ ಪಾಠ ಮಾಡಿದಳು, ಸೊಸೆ ಹಾಳೆ ಹಂಚಿದಳು. ನೋಟ್‌ಬುಕ್ ಮನೆಯಲ್ಲೇ ಬಿದ್ದಿತ್ತು. ಅದರಲ್ಲಿ ಈಗ ನಾನು ಹಾಲಿನವನ ಲೆಕ್ಕ ಬರೆಯುತ್ತೇನೆ.

ಆಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದರು ಎಂದರೆ ಸುಳ್ಳಾಗುತ್ತದೆ. ಆರರಲ್ಲಿ ಇಬ್ಬರು ಕೊನೆಯ ತನಕ ಬಾಗಿಲು ತೆಗೆಯಲಿಲ್ಲ. ಅವರನ್ನು ಸೊಸೆ ಎಳೆಯಲೂ ಇಲ್ಲ. ಆದರೆ ಸಾರ್ ತಾವಾಗಿಯೇ ಬಂದು, "ನಂಗೂ ಕಾಂತದ ಪಾಠ ಒಂದು ಸರಿಯಾಗಿ ಕೂರಲ್ಲ, ಯಾರಾದ್ರೂ ಬಂದು ಕೇಳ್ತೀರಾ?" ಎಂದರು. ರಿಟೈರಾಗಲು ಎರಡು ವರ್ಷ ಇರುವ ಮನುಷ್ಯ! ಆದರೆ ಒಬ್ಬರು ಇನ್ನೊಬ್ಬರ ಕ್ಲಾಸಿಗೆ ಹೋಗಬೇಕು ಎಂದರೆ ಬಿಡುವು ಎಲ್ಲಿದೆ? ಟೈಮ್ ಟೇಬಲ್ ಬದಲಾಗಬೇಕು. ಅದನ್ನು ಸೊಸೆ ಸಾರ್ ಕೈಗೆ ಕೊಟ್ಟಳು. ಅವರು ನಾಲ್ಕು ದಿನ ತಲೆ ಕೆಡಿಸಿಕೊಂಡು, ಪಟ್ಟಿ ಹಾಕಿ, ವೆಳ್ಳಕೋಯಿಲ್ ಹುಡುಗಿಯ ಜೊತೆ ಜಗಳಾಡಿ, ಹರಿದು, ಮತ್ತೆ ಹಾಕಿ ತಂದರು.

ಆ ಹಾಳೆ ನೋಡಿ ಸೊಸೆಯ ಮುಖ ಕಪ್ಪಾಯಿತು. ಮನೆಗೆ ತಂದು ನನಗೆ ತೋರಿಸಿದಳು.

"ನೋಡಿ ಅತ್ತೆ, ಮಧ್ಯಾಹ್ನ ಊಟ ಆದ ತಕ್ಷಣ, ಮಕ್ಕಳೆಲ್ಲ ತೂಕಡಿಸೋ ಹೊತ್ತಿಗೆ ನಂಗೆ ಗಣಿತ ಹಾಕಿದಾರೆ. ಎಚ್.ಎಂ.ಗೆ! ಇದೊಂದು ತಿದ್ದಿಬಿಡ್ತೀನಿ."

"ಪೆನ್ನು ಕೆಳಗಿಡು."

"ಪಟ್ಟಿಯಲ್ಲಿ ಒಂದೇ ಒಂದು ಮನೆ ಅತ್ತೆ."

"ಒಂದು ಮನೆ ತಿದ್ದಿದರೆ ಪಟ್ಟಿ ಮತ್ತೆ ನಿಂದಾಗುತ್ತೆ. ಆಮೇಲೆ ನೀನೇ ಎಲ್ಲ ಮಾಡ್ಕೋ, ಟ್ಯಾಂಕೂ ಹತ್ತು. ಪಕ್ಕದ ಮನೆಯವಳು ಕೆಚ್ಚಿದ ಎಳೇನ ಅವಳ ಮುಂದೇ ಎಳೆದೆಳೆದು ನೋಡ್ತಾರಾ? ಜಾರಿದರೆ ಅವಳನ್ನೇ ಕರಿ."

ಗೊಣಗಿದಳು. ಆದರೆ ಪೆನ್ನು ಕೆಳಗಿಟ್ಟಳು. ಒಂದು ತಿಂಗಳು ತೂಕಡಿಸುವ ಮಕ್ಕಳಿಗೆ ಗಣಿತ ಹೇಳಿದಳು. ಆಮೇಲೆ ಮೀಟಿಂಗಿನಲ್ಲಿ ಸಾರ್‌ಗೇ ಹೇಳಿದಳು, ಈ ಹೊತ್ತು ನಡೆಯುತ್ತಿಲ್ಲ ಎಂದು. ಅವರು ಕನ್ನಡಕ ಏರಿಸಿ ನೋಡಿ, ಹೌದಲ್ಲ ಎಂದು ತಾವೇ ಬದಲಾಯಿಸಿದರು. ಆ ಹೊತ್ತಿಗೆ ಮೀಟಿಂಗಿನ ಸದ್ದಿಗೆ ನನಗೆ ನೇಯಲು ಆಗುತ್ತಿರಲಿಲ್ಲ. ಮಾರ್ಕೆಟ್ಟೂ ಅದರ ಮುಂದೆ ಏನೂ ಅಲ್ಲ. ಕಿಟಕಿಯ ಕೆಳಗಿನ ಮೀಟಿಂಗ್ ಮಾತ್ರ ತಾನಾಗಿ ನಿಂತಿತು. ಹೇಳುವುದೆಲ್ಲ ಒಳಗೇ ಹೇಳಿ ಮುಗಿಯುತ್ತಿತ್ತಲ್ಲ.

ಇಷ್ಟಾದರೂ ಸೊಸೆ ಆ ಅರ್ಜಿಯ ಮಾತು ಬಿಟ್ಟಿರಲಿಲ್ಲ. ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದಳು. ಕೊಡುವ ಗಡುವಿಗೆ ಇನ್ನು ಎರಡು ದಿನ ಇರುವಾಗ, ಮುಚ್ಚಿಡುವುದು ಯಾಕೆ ಎಂದು ಮೀಟಿಂಗಿನಲ್ಲೇ ಹೇಳಿದಳು. ನಾನೂ ಕೇಳುತ್ತಿದ್ದೆ, ಕೈಯಲ್ಲಿ ಲಾಳಿ ಹಾಗೇ ನಿಂತಿತ್ತು.

"ಬರೋ ವರ್ಷ ನಾನು ಇಲ್ಲಿ ಇರಲ್ಲ ಅಂತ ಕಾಣುತ್ತೆ. ಎಚ್.ಎಂ. ಬೇಡ ಅಂತ ಬರೆದಿದೀನಿ. ನಿಮಗೆ ನನಗಿಂತ ಒಳ್ಳೆಯವರು ಸಿಗಬಹುದು."

ಯಾರಾದರೂ ಅಳುತ್ತಾರೆ, ಹೋಗಬೇಡಿ ಎನ್ನುತ್ತಾರೆ ಎಂದುಕೊಂಡೆ. ಸಾರ್ ಸಿಡುಕಿದರು.

"ಅದೆಲ್ಲ ಆಗಲ್ಲ ಟೀಚರ್. ಬರೋ ವರ್ಷದ ಪಟ್ಟಿ ಅರ್ಧ ಹಾಕಿದೀನಿ. ಹೊಸಬರು ಯಾರೋ ಬಂದು ಅದನ್ನೆಲ್ಲ ಅಳಿಸಿ ತಮ್ಮದು ಬರೀತಾರೆ. ನಾನು ಮತ್ತೆ ಮೊದಲಿಂದ ಹಾಕಲಾ? ನಿಮಗೆ ಹೋಗಲೇಬೇಕು ಅಂದ್ರೆ ನಾನು ರಿಟೈರಾದ ಮೇಲೆ ಹೋಗಿ."

"ಆರನೇ ಕ್ಲಾಸಿನ ಗಣಿತಕ್ಕೆ ನಿಮ್ಮ ಹೆಸರೇ ಹಾಕಿದೀವಿ ಟೀಚರ್" ಅಂದಳು ವೆಳ್ಳಕೋಯಿಲ್ ಹುಡುಗಿ. "ಐದರ ಮಕ್ಕಳು ಮೇಲೆ ಹೋಗ್ತಾರಲ್ಲ, ಅವರಿಗೆ ಎಲ್ಲಿ ಗೊತ್ತಾಗಲ್ಲ ಅನ್ನೋದು ನಿಮಗೇ ಗೊತ್ತಿರೋದು."

ಬಾಗಿಲು ತೆಗೆಯದ ಇಬ್ಬರಲ್ಲಿ ಒಬ್ಬರು ಕೇಳಿದರು, "ಮೀಟಿಂಗ್ ಮುಗೀತಾ? ಬಸ್ಸಿಗೆ ಹೊತ್ತಾಯ್ತು."

ಸೊಸೆ ಮನೆಗೆ ಬಂದಾಗ ನಾನು ಏನೂ ಗೊತ್ತಿಲ್ಲದವಳ ಹಾಗೆ ಒಲೆಯ ಮುಂದೆ ನಿಂತಿದ್ದೆ. ಅವಳಿಗೂ ಗೊತ್ತು ನನಗೆ ಗೊತ್ತು ಎಂದು.

"ಏನ್ಮಾಡ್ತೀಯ?" ಎಂದೆ.

"ಕೊಡಲ್ಲ" ಅಂದಳು. ಚೀಲದಿಂದ ಆರನೇ ಕ್ಲಾಸಿನ ಗಣಿತದ ಪುಸ್ತಕ ತೆಗೆದು ಹೊಸ್ತಿಲಲ್ಲೇ ಕೂತಳು. "ಈ ಪುಸ್ತಕ ಪೂರ್ತಿ ಬದಲಾಗಿದೆ ಅತ್ತೆ. ಮೊದಲಿಂದ ಓದ್ಕೋಬೇಕು."

"ಓದು. ಮೊದಲು ಈ ಈರುಳ್ಳಿ ಸುಲಿದು ಕೊಡು."

ಸುಲಿದುಕೊಂಡೇ ಓದಿದಳು. ಆರನೇ ಕ್ಲಾಸು ನನಗೂ ಹೊಸದು. ಅದು ಕಟ್ಟಡದ ಆ ತುದಿಯಲ್ಲಿದೆ, ಕಿಟಕಿಗೆ ಕೇಳಿಸುವುದಿಲ್ಲ. ಅದಕ್ಕೆ ಸ್ವಲ್ಪ ಜೋರಾಗಿ ಓದು ಅಂದೆ.